ಫೈರ್ ಎಂಜಿನ್ ಬರುವವರೆಗೆ ಊರು ಏನು ಮಾಡಬೇಕು?

ಸುಗ್ಗಿ ಮುಗಿದು ಹುಲ್ಲೆಲ್ಲ ಬಣವೆ ಸೇರುತ್ತಿದ್ದಂತೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಕಾಣಿಸುತ್ತದೆ. ಆಕಸ್ಮಿಕ ಬೆಂಕಿ, ಬಣವೆ ಭಸ್ಮ, ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಡವಾಗಿ ಬಂದರೆಂದು ಠಾಣೆಯವರನ್ನು ಬೈಯುವುದು ಸುಲಭ. ಆದರೆ ಲೆಕ್ಕ ನೋಡಿ. ಠಾಣೆ ಇರುವುದು ಸಾಮಾನ್ಯವಾಗಿ ತಾಲ್ಲೂಕು ಕೇಂದ್ರದಲ್ಲಿ. ನಿಮ್ಮ ಊರು ಅಲ್ಲಿಂದ 20 ಕಿ.ಮೀ. ದೂರವಿದ್ದರೆ, ನೀರು ತುಂಬಿಕೊಂಡ ವಾಹನ ಹಳ್ಳಿ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಎಲ್ಲೂ ನಿಲ್ಲದೆ ಬಂದರೂ ಅರ್ಧ ಗಂಟೆ ಬೇಕು. ಒಣಹುಲ್ಲು ಅಷ್ಟು ಹೊತ್ತು ಕಾಯುವುದಿಲ್ಲ. ಗಾಳಿ ಬೀಸುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಪಕ್ಕದ ಕೊಟ್ಟಿಗೆಯ ಮೇಲೆ ಕಿಡಿ ಬಿದ್ದಿರುತ್ತದೆ.

ಈ ಅರ್ಧ ಗಂಟೆಯನ್ನು ಊರೇ ನಿಭಾಯಿಸಬೇಕು. ಬೇರೆ ದೇಶಗಳ ಸಣ್ಣ ಊರುಗಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿವೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಅವರ ಗೆಳೆಯರು ಯೂನಿಯನ್ ಫೈರ್ ಕಂಪನಿ ಎಂಬ ಸ್ವಯಂಸೇವಕರ ತಂಡ ಕಟ್ಟಿದರು. ಪ್ರತಿ ಸದಸ್ಯನೂ ಮನೆಯಲ್ಲಿ ಚರ್ಮದ ಬಕೆಟ್ ಮತ್ತು ಸಾಮಾನು ಹೊರಲು ಚೀಲ, ಬುಟ್ಟಿಗಳನ್ನು ಸಿದ್ಧವಾಗಿಡಬೇಕೆಂಬುದು ಅವರ ಕರಾರು. ಇಂದಿಗೂ ಅಮೆರಿಕದ ಸಣ್ಣ ಪಟ್ಟಣಗಳಲ್ಲಿ, ಜರ್ಮನಿಯ ಹಳ್ಳಿಗಳಲ್ಲಿ ಬೆಂಕಿ ಆರಿಸಲು ಓಡಿ ಬರುವವರು ಹೆಚ್ಚಾಗಿ ಸ್ವಯಂಸೇವಕರೇ. ಚಿಲಿ ದೇಶದಲ್ಲಂತೂ ಇಡೀ ಅಗ್ನಿಶಾಮಕ ವ್ಯವಸ್ಥೆಯೇ ಅವರ ಹೆಗಲ ಮೇಲಿದೆ. ನಮ್ಮಲ್ಲಿ ಇದು ಸರ್ಕಾರದ ಇಲಾಖೆಯ ಕೆಲಸ. ಊರಿಗೊಂದು ಫೈರ್ ಎಂಜಿನ್ ನಾವು ಕೊಳ್ಳಲಾರೆವು, ಕೊಳ್ಳಬೇಕಾಗಿಯೂ ಇಲ್ಲ. ಮೊದಲ ಅರ್ಧ ಗಂಟೆಗೆ ಬೇಕಾದ ತಂಡವೊಂದನ್ನು ಮಾತ್ರ ಯಾವ ಊರಾದರೂ ಕಟ್ಟಬಹುದು.

ಮೊದಲು ತಿಳಿಯಬೇಕಾದ್ದು: ನಿಮ್ಮ ಕೆಲಸ ತಡೆಯುವುದು

ಬೆಂಕಿ ಉರಿಯಲು ಉರಿಯುವ ವಸ್ತು, ಗಾಳಿ, ಶಾಖ ಮೂರೂ ಬೇಕು. ಇವುಗಳಲ್ಲಿ ಒಂದನ್ನು ತಪ್ಪಿಸಿದರೆ ಬೆಂಕಿ ಆರುತ್ತದೆ. ಸಣ್ಣ ಬೆಂಕಿಗೆ ಒಂದು ಬಕೆಟ್ ನೀರು ಸಾಕು, ಶಾಖ ಇಳಿದುಹೋಗುತ್ತದೆ. ಆದರೆ ಬಣವೆ ಪೂರ್ತಿ ಹತ್ತಿಕೊಂಡ ಮೇಲೆ ಬಕೆಟ್ ನೀರು ಒಳಗಿನ ಕೆಂಡವನ್ನು ಮುಟ್ಟುವ ಮೊದಲೇ ಆವಿಯಾಗುತ್ತದೆ. ಊರೆಲ್ಲ ಸಾಲಾಗಿ ನಿಂತು ಬಕೆಟ್ ದಾಟಿಸಿದರೂ ಆ ಬಣವೆ ಉಳಿಯುವುದಿಲ್ಲ. ಅದೇ ನೀರನ್ನು ಪಕ್ಕದ ಬಣವೆಗೆ, ಕೊಟ್ಟಿಗೆಯ ಸೋಗೆಗೆ, ಮನೆಯ ಮರದ ತೊಲೆಗೆ ಸುರಿದು ನೆನೆಸಿದರೆ ಕಿಡಿ ಬಿದ್ದರೂ ಹೊತ್ತಿಕೊಳ್ಳುವುದಿಲ್ಲ.

ಆದ್ದರಿಂದ ತಂಡದ ಮೊದಲ ಸೂತ್ರ ಇದು: ಹೊತ್ತಿದ್ದನ್ನು ಬಿಡಿ, ಹೊತ್ತಲಿರುವುದನ್ನು ಉಳಿಸಿ. ಜನ ಮೊದಲು, ದನಕರು ಆಮೇಲೆ, ಪಕ್ಕದ ಮನೆ ಮೂರನೆಯದು. ಉರಿಯುತ್ತಿರುವ ವಸ್ತು ಕೊನೆಗೆ. ಬಣವೆಯ ಯಜಮಾನನಿಗೆ ಈ ಮಾತು ಆ ಹೊತ್ತಿನಲ್ಲಿ ಹಿಡಿಸುವುದಿಲ್ಲ. ಊರಿನವರೆಲ್ಲ ಕೂತು ಮೊದಲೇ ಒಪ್ಪಿಕೊಂಡಿರಬೇಕಾದದ್ದು ಅದಕ್ಕೇ.

ತಂಡ ಕಟ್ಟುವ ಏಳು ಹೆಜ್ಜೆ

1. ಹಗಲು ಊರಲ್ಲಿರುವವರನ್ನು ಆರಿಸಿ. ಗಟ್ಟಿಮುಟ್ಟಾದ ಹುಡುಗರ ಪಟ್ಟಿ ಮಾಡುವುದು ಎಲ್ಲರೂ ಮೊದಲು ಮಾಡುವ ಕೆಲಸ. ಆ ಹುಡುಗರು ಬೆಳಿಗ್ಗೆ ಬಸ್ಸು ಹತ್ತಿ ಫ್ಯಾಕ್ಟರಿಗೋ ಕಾಲೇಜಿಗೋ ಹೋಗಿರುತ್ತಾರೆ. ಹುಲ್ಲು ಒಣಗಿ ಗಾಳಿ ಎದ್ದಿರುವ ಮಧ್ಯಾಹ್ನ ಊರಲ್ಲಿ ಯಾರಿರುತ್ತಾರೆಂದು ನೋಡಿ: ಅಂಗಡಿಯವರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಟ್ರ್ಯಾಕ್ಟರ್ ಇಟ್ಟುಕೊಂಡಿರುವ ರೈತರು, ಹಾಲಿನ ಡೇರಿಯ ಕಾರ್ಯದರ್ಶಿ, ಪಂಚಾಯಿತಿಯ ನೀರುಗಂಟಿ. ಇವರೇ ತಂಡದ ಬೆನ್ನೆಲುಬು. ಹನ್ನೆರಡರಿಂದ ಹದಿನೈದು ಮಂದಿ ಸಾಕು. ರಾತ್ರಿಗೆ ಬೇರೆ ಪಟ್ಟಿ ಇರಲಿ.

2. ಒಬ್ಬರಿಗೆ ಒಂದೇ ಕೆಲಸ ಕೊಡಿ. ಕರೆ ಮಾಡುವವರು, ವಿದ್ಯುತ್ ಕಡಿತ ಮಾಡಿಸುವವರು, ನೀರಿನ ಹೊಣೆಯವರು, ಮನೆಮನೆಗೆ ಹೋಗಿ ಜನರನ್ನೂ ದನಗಳನ್ನೂ ಹೊರತರುವವರು, ರಸ್ತೆಯಲ್ಲಿ ನಿಂತು ವಾಹನಕ್ಕೆ ದಾರಿ ತೋರಿಸುವವರು, ಪ್ರಥಮ ಚಿಕಿತ್ಸೆಯವರು. ಪ್ರತಿ ಕೆಲಸಕ್ಕೂ ಒಬ್ಬ ಬದಲಿ ಬೇಕು. ಎಲ್ಲರ ಮೇಲೆ ಒಬ್ಬ ಮುಖಂಡ. ಆತ ಬಕೆಟ್ ಹಿಡಿಯಬಾರದು. ದೂರ ನಿಂತು ಗಾಳಿ ಯಾವ ಕಡೆ ತಿರುಗಿತು, ಯಾರು ಎಲ್ಲಿದ್ದಾರೆ ಎಂದು ನೋಡುವುದಷ್ಟೇ ಆತನ ಕೆಲಸ.

3. ನೀರು ಎಲ್ಲಿದೆ ಎಂದು ಬರೆದಿಡಿ. ಬೆಂಕಿ ಬಿದ್ದಾಗ ಮೊದಲು ಕರೆಂಟ್ ತೆಗೆಸುತ್ತೀರಿ. ಕರೆಂಟ್ ಹೋದೊಡನೆ ಬೋರ್‌ವೆಲ್ ಮೋಟಾರೂ ನಿಲ್ಲುತ್ತದೆ. ಇದನ್ನು ಮೊದಲೇ ಯೋಚಿಸದ ಊರಿನಲ್ಲಿ ನೀರು ಬೇಕಾದ ಗಳಿಗೆಯಲ್ಲೇ ನೀರಿರುವುದಿಲ್ಲ. ಹಾಗಾಗಿ ಕರೆಂಟ್ ಇಲ್ಲದೆ ಸಿಗುವ ನೀರನ್ನಷ್ಟೇ ಪಟ್ಟಿಗೆ ಸೇರಿಸಿ: ಓವರ್‌ಹೆಡ್ ಟ್ಯಾಂಕ್, ಮದುವೆ ಮನೆಗೆ ನೀರು ಹೊಡೆಯುವ ಟ್ರ್ಯಾಕ್ಟರ್ ಟ್ಯಾಂಕರ್, ಕೃಷಿ ಹೊಂಡ, ಕೆರೆ, ದನದ ನೀರಿನ ತೊಟ್ಟಿ. ಊರಿನಲ್ಲಿ ಡೀಸೆಲ್ ಎಂಜಿನ್ ಪಂಪ್ ಯಾರ ಮನೆಯಲ್ಲಿದೆ, ಅದು ಈಗಲೂ ಸ್ಟಾರ್ಟ್ ಆಗುತ್ತದೆಯೇ ನೋಡಿ. ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ದೊಡ್ಡ ವಾಲ್ವ್ ಇರುವ ಒಂದು ಹೊರದಾರಿ ಇಡಿಸಲು ಪಂಚಾಯಿತಿಗೆ ಮನವಿ ಕೊಡಿ. ಟ್ಯಾಂಕರ್ ಬೇಗ ತುಂಬಿಕೊಳ್ಳುತ್ತದೆ.

ಫೈರ್ ಎಂಜಿನ್ನಿಗೂ ನೀರು ಬೇಕು. ಸಾಮಾನ್ಯ ವಾಹನದ ಟ್ಯಾಂಕ್ 4,500 ಲೀಟರ್. ನಿಮಿಷಕ್ಕೆ 450 ಲೀಟರ್ ಹೊಡೆದರೆ ಹತ್ತೇ ನಿಮಿಷದಲ್ಲಿ ಖಾಲಿ. ಅದು ಮತ್ತೆ ತುಂಬಿಕೊಳ್ಳುವ ಜಾಗ ನಿಮ್ಮ ಪಟ್ಟಿಯಲ್ಲಿರಬೇಕು. ಪಂಪು ನೀರನ್ನು ಮೇಲಕ್ಕೆ ಹೀರುವುದು ಸುಮಾರು 7 ಮೀಟರ್ ಆಳದಿಂದ ಮಾತ್ರ. ಅದಕ್ಕಿಂತ ಕೆಳಗೆ ನೀರಿರುವ ತೆರೆದ ಬಾವಿ ಎಷ್ಟೇ ತುಂಬಿದ್ದರೂ ಅವರಿಗೆ ಉಪಯೋಗವಿಲ್ಲ.

4. ದಾರಿ ಅಳೆಯಿರಿ. ಟ್ಯಾಂಕಿನಲ್ಲಿರುವ ನೀರೇ ನಾಲ್ಕೂವರೆ ಟನ್ ತೂಗುತ್ತದೆ. ಚರಂಡಿಯ ಮೇಲಿನ ಚಪ್ಪಡಿ, ಹಳೆಯ ಮೋರಿ ಆ ವಾಹನವನ್ನು ತಾಳುತ್ತವೆಯೇ? ಊರ ಮುಂದಿನ ಕಮಾನು, ಜೋತುಬಿದ್ದ ತಂತಿ, ಬೀದಿಗೆ ಚಾಚಿದ ಶೀಟು ಅಡ್ಡ ಬರುತ್ತವೆಯೇ? ಒಂದು ದಿನ ಲೋಡ್ ಲಾರಿಯೊಂದನ್ನು ಊರೊಳಗೆ ತಿರುಗಿಸಿ ನೋಡಿದರೆ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಗೊತ್ತಾಗುತ್ತದೆ.

5. ಸಲಕರಣೆ ಹೊಂದಿಸಿ. ಹೆಚ್ಚಿನವು ಊರಲ್ಲೇ ಇವೆ. ಉದ್ದ ಬಿದಿರಿನ ತುದಿಗೆ ಕಬ್ಬಿಣದ ಕೊಕ್ಕೆ ಕಟ್ಟಿದ ದೋಟಿ ನಾಲ್ಕು, ಏಣಿ, ಹಾರೆ, ಗುದ್ದಲಿ, ಕೊಡಲಿ, ಹರಿತವಾದ ಕುಡುಗೋಲು, ಗೋಣಿಚೀಲ, ಉಣ್ಣೆಯ ಕಂಬಳಿ, ಬಕೆಟ್, ಟಾರ್ಚ್, ಸೀಟಿ. ಕೊಳ್ಳಬೇಕಾದದ್ದು ಐಎಸ್‌ಐ ಗುರುತಿನ ಎಬಿಸಿ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಎರಡು. ಔಷಧ ಹೊಡೆಯುವ ಬೆನ್ನಿನ ಪಂಪು ಉಳಿದ ಕೆಂಡ ಆರಿಸಲು ಚೆನ್ನಾಗಿ ಬರುತ್ತದೆ, ಆದರೆ ಔಷಧದ ಅಂಶ ಹೋಗುವಂತೆ ಚೆನ್ನಾಗಿ ತೊಳೆದಿರಬೇಕು. ಇವನ್ನೆಲ್ಲ ಡೇರಿ ಕಟ್ಟಡದಲ್ಲೋ ಪಂಚಾಯಿತಿ ಕಚೇರಿಯಲ್ಲೋ ಇಡಿ. ಬೀಗದ ಕೈ ಮೂರು ಮನೆಯಲ್ಲಿರಲಿ.

6. ಕರೆ ಮಾಡುವುದನ್ನು ಕಲಿಸಿ. ತುರ್ತು ಸಂಖ್ಯೆ 112. ಅಗ್ನಿಶಾಮಕ ದಳದ್ದು 101. ಜೊತೆಗೆ ನಿಮ್ಮ ತಾಲ್ಲೂಕು ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಯನ್ನು ಡೇರಿ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. "ಹೊಸಹಳ್ಳಿಯಲ್ಲಿ ಬೆಂಕಿ ಬಿದ್ದಿದೆ" ಎಂದರೆ ಸಾಲದು. ಒಂದೇ ತಾಲ್ಲೂಕಿನಲ್ಲಿ ಮೂರು ಹೊಸಹಳ್ಳಿ ಇರಬಹುದು. ಊರು, ಹೋಬಳಿ, ತಾಲ್ಲೂಕು, ಯಾವ ರಸ್ತೆಯಿಂದ ಬರಬೇಕು, ಹತ್ತಿರದ ಗುರುತು ಏನು, ಉರಿಯುತ್ತಿರುವುದೇನು, ಒಳಗೆ ಜನ ಸಿಕ್ಕಿಕೊಂಡಿದ್ದಾರೆಯೇ, ನೀರು ಎಲ್ಲಿ ಸಿಗುತ್ತದೆ: ಇಷ್ಟನ್ನೂ ಹೇಳಬೇಕು. ಆ ಕಡೆಯವರು ಸಾಕು ಎನ್ನುವವರೆಗೆ ಫೋನ್ ಇಡಬಾರದು. ಆಮೇಲೆ ಅದೇ ಫೋನಿನಿಂದ ಬೇರೆ ಯಾರಿಗೂ ಕರೆ ಮಾಡಬಾರದು. ದಾರಿ ಕೇಳಲು ಚಾಲಕರು ಅದೇ ಸಂಖ್ಯೆಗೆ ಫೋನ್ ಮಾಡುತ್ತಾರೆ.

7. ವರ್ಷಕ್ಕೆ ಎರಡು ಸಲ ಅಭ್ಯಾಸ ಮಾಡಿ. ಒಂದು ಡಿಸೆಂಬರಿನಲ್ಲಿ, ಹುಲ್ಲು ಬಣವೆ ಸೇರುವ ಮುನ್ನ. ಇನ್ನೊಂದು ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ. 1944ರ ಏಪ್ರಿಲ್ 14ರಂದು ಬಾಂಬೆ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಿಸಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡ ನೆನಪಿಗೆ ಈ ಸಪ್ತಾಹ ನಡೆಯುತ್ತದೆ. ಆಗ ಠಾಣೆಯವರು ಅಲ್ಲಲ್ಲಿ ಪ್ರಾತ್ಯಕ್ಷಿಕೆ ಕೊಡುತ್ತಾರೆ. ನಮ್ಮ ಊರಿಗೂ ಬನ್ನಿ ಎಂದು ಪಂಚಾಯಿತಿ ಮೂಲಕ ಠಾಣಾಧಿಕಾರಿಗೆ ಮಾರ್ಚ್‌ನಲ್ಲೇ ಪತ್ರ ಬರೆಯಿರಿ. ಹೆಚ್ಚಿನ ತರಬೇತಿ ಬೇಕೆನ್ನುವ ಯುವಕ ಯುವತಿಯರು ಗೃಹರಕ್ಷಕ ದಳ ಮತ್ತು ‘ಆಪದ ಮಿತ್ರ’ ಯೋಜನೆಯ ಬಗ್ಗೆ ಜಿಲ್ಲಾಡಳಿತದ ವಿಪತ್ತು ನಿರ್ವಹಣಾ ವಿಭಾಗದಲ್ಲಿ ವಿಚಾರಿಸಬಹುದು.

ಎಲ್ಲಿ ಬೆಂಕಿ, ಏನು ಉಪಾಯ

ಬಣವೆ: ಗಾಳಿ ಬರುತ್ತಿರುವ ಕಡೆಗೆ ಬೆನ್ನು ಮಾಡಿ ನಿಲ್ಲಿ. ಮೊದಲು ಪಕ್ಕದ ಬಣವೆಯನ್ನು ನೆನೆಸಿ. ನಂತರ ದೋಟಿಯಿಂದ ಹೊರಪದರದ ಹುಲ್ಲನ್ನು ಎಳೆದೆಳೆದು ನೆಲದ ಮೇಲೆ ಹರಡಿ ನೀರು ಹಾಕಿ. ಯಾವ ಕಾರಣಕ್ಕೂ ಬಣವೆಯ ಮೇಲೆ ಹತ್ತಬೇಡಿ. ಮೇಲೆ ಹಸನಾಗಿ ಕಂಡರೂ ಒಳಗೆ ಉರಿದು ಟೊಳ್ಳಾಗಿರುತ್ತದೆ; ಕಾಲಿಟ್ಟವರು ನೇರ ಕೆಂಡದೊಳಗೆ ಕುಸಿಯುತ್ತಾರೆ. ಹಸಿ ಹುಲ್ಲು ಒಟ್ಟಿದ ಬಣವೆ ಕಿಡಿ ತಗುಲದೆಯೂ ಒಳಗೊಳಗೇ ಕಾದು ಹೊತ್ತಿಕೊಳ್ಳಬಹುದು. ಕಮಟು ವಾಸನೆ, ಬೆಳಗಿನ ಜಾವ ಹಬೆಯಾಡುವುದು ಅದರ ಸೂಚನೆ.

ಕೊಟ್ಟಿಗೆ: ಹೆದರಿದ ದನ ಹಗ್ಗವನ್ನು ಜಗ್ಗುತ್ತದೆ. ಜಗ್ಗಿದಷ್ಟೂ ಗೂಟದ ಗಂಟು ಬಿಗಿಯುತ್ತದೆ, ಹೊಗೆಯಲ್ಲಿ ಆ ಗಂಟು ಬಿಚ್ಚಲು ಕೂತವರು ಉಸಿರುಗಟ್ಟಿ ಬೀಳುತ್ತಾರೆ. ಗಂಟಿಗೆ ಕೈ ಹಾಕಲೇಬೇಡಿ. ಕುಡುಗೋಲಿನಿಂದ ಗೂಟದ ಹತ್ತಿರ ಹಗ್ಗ ಕೊಯ್ಯಿರಿ, ಕೊರಳ ಕಡೆ ಉಳಿದ ತುಂಡು ಹಿಡಿದು ಹೊರಗೆ ನಡೆಸಿ. ಬಿಟ್ಟ ದನ ಅಭ್ಯಾಸ ಬಲದಿಂದ ಮತ್ತೆ ಕೊಟ್ಟಿಗೆಗೇ ನುಗ್ಗಬಹುದು. ಆದ್ದರಿಂದ ದೂರದ ಮರಕ್ಕೆ ಕಟ್ಟಿ, ಬಾಗಿಲು ಹಾಕಿ. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕುಡುಗೋಲು ಸಿಕ್ಕಿಸಿಟ್ಟಿರುವುದು ಪ್ರತಿ ಕೊಟ್ಟಿಗೆಗೂ ಒಳ್ಳೆಯದು.

ಅಡುಗೆಮನೆ: ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ನೀರು ಎಣ್ಣೆಯ ತಳಕ್ಕಿಳಿದು ಒಮ್ಮೆಲೇ ಆವಿಯಾಗುತ್ತದೆ. ಆವಿಯಾದ ನೀರಿನ ಗಾತ್ರ ಸುಮಾರು 1,700 ಪಟ್ಟು ಹಿಗ್ಗುವುದರಿಂದ ಉರಿಯುವ ಎಣ್ಣೆ ಮುಖಕ್ಕೆ ಎಗರುತ್ತದೆ. ಒಲೆ ಆರಿಸಿ, ಅಗಲವಾದ ತಟ್ಟೆ ಮುಚ್ಚಿ, ತಣಿಯುವವರೆಗೆ ತೆರೆಯಬೇಡಿ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ ಹರಡಿಕೊಳ್ಳುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಿ. ಪೈಪಿನ ಬಳಿ ಉರಿ ಕಾಣಿಸಿದರೆ, ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ರೆಗ್ಯುಲೇಟರ್ ತಿರುಗಿಸಲು ಸಾಧ್ಯವಾದರೆ ಮಾತ್ರ ಹತ್ತಿರ ಹೋಗಿ. ಸಿಲಿಂಡರೇ ಬೆಂಕಿಯ ನಡುವೆ ಸಿಕ್ಕಿದ್ದರೆ ಯಾರೂ ಹತ್ತಿರ ಸುಳಿಯಬಾರದು, ಅಕ್ಕಪಕ್ಕದ ಮನೆಗಳನ್ನೂ ಖಾಲಿ ಮಾಡಿಸಿ.

ವಿದ್ಯುತ್: ಲೈನ್‌ಮನ್ ಸಂಖ್ಯೆ ತಂಡದ ಪ್ರತಿಯೊಬ್ಬರ ಫೋನಿನಲ್ಲೂ ಇರಲಿ; ಸಿಗದಿದ್ದರೆ 1912. ಟ್ರಾನ್ಸ್‌ಫಾರ್ಮರ್ ಬಳಿ ನೀವೇ ಹೋಗಿ ಏನನ್ನೂ ಎಳೆಯಬೇಡಿ. ಕರೆಂಟ್ ಹೋಗಿದೆ ಎಂದು ಖಚಿತವಾಗುವವರೆಗೆ ನೀರು ಹೊಡೆಯಬೇಡಿ. ತುಂಡಾಗಿ ಬಿದ್ದ ತಂತಿಯಿಂದ ಹತ್ತು ಮೀಟರ್ ದೂರವಿರಿ. ಹುಲ್ಲು ಹೇರಿದ ಟ್ರ್ಯಾಕ್ಟರ್ ಜೋತುಬಿದ್ದ ತಂತಿಗೆ ತಗುಲಿ ಹೊತ್ತಿಕೊಳ್ಳುವುದು ನಮ್ಮಲ್ಲಿ ಮಾಮೂಲಿ. ಹೊತ್ತಿಕೊಂಡರೆ ಊರೊಳಗೆ ಓಡಿಸಬೇಡಿ. ಬಯಲಿನಲ್ಲಿ ನಿಲ್ಲಿಸಿ, ತಂತಿಯ ಸಂಪರ್ಕ ತಪ್ಪಿದೆ ಎಂದು ನೋಡಿಕೊಂಡು, ಸಾಧ್ಯವಾದರೆ ಎಂಜಿನ್ನನ್ನು ಟ್ರೈಲರ್‌ನಿಂದ ಬಿಡಿಸಿ.

ಕಬ್ಬಿನ ಗದ್ದೆ, ಕಾಡಂಚು: ಬೆಂಕಿಯ ಎದುರಿಗೆ, ಅಂದರೆ ಅದು ಬರುತ್ತಿರುವ ದಿಕ್ಕಿನಲ್ಲಿ, ನಿಲ್ಲಬೇಡಿ. ಸಾಕಷ್ಟು ದೂರದಲ್ಲಿ ಕಬ್ಬಿನ ಸಾಲು ಕಡಿದು, ರವದಿ ಗುಡಿಸಿ, ಬೆತ್ತಲೆ ನೆಲದ ಪಟ್ಟಿ ಮಾಡಿ. ಅಂಚಿನ ಹುಲ್ಲಿನ ಸಣ್ಣ ಉರಿಯನ್ನು ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸಬಹುದು. ಕಾಡಿನೊಳಗೆ ಮಾತ್ರ ನೀವಾಗಿಯೇ ಹೋಗಬೇಡಿ. ಅರಣ್ಯ ಇಲಾಖೆಗೆ 1926ರಲ್ಲಿ ತಿಳಿಸಿ. ಬಂಡೀಪುರದಲ್ಲಿ 2017ರ ಫೆಬ್ರುವರಿಯಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರೇ ಜೀವ ಕಳೆದುಕೊಂಡರು. ಕಾಡಿನ ಜಾಡು ಬಲ್ಲವರ ಗತಿಯೇ ಹೀಗಾದಾಗ ಉಳಿದವರ ಮಾತೇನು?

ಸಾಮಾನ್ಯವಾಗಿ ಆಗುವ ತಪ್ಪುಗಳು

- ಆರಿಸಲು ನೋಡೋಣ, ಆಗದಿದ್ದರೆ ಫೋನ್ ಮಾಡೋಣ ಎನ್ನುವುದು. ಕರೆ ಮೊದಲು, ಬಕೆಟ್ ಆಮೇಲೆ. ಬೆಂಕಿ ಆರಿದರೆ ಮತ್ತೆ ಫೋನ್ ಮಾಡಿ ಬೇಡ ಎನ್ನಬಹುದು.
- ಹೊಗೆ ಹೋಗಲೆಂದು ಉರಿಯುವ ಕೋಣೆಯ ಬಾಗಿಲು ತೆರೆಯುವುದು. ಒಳಗೆ ನುಗ್ಗಿದ ಗಾಳಿಗೆ ಜ್ವಾಲೆ ಭಗ್ಗೆಂದು ಹೊರಚಿಮ್ಮುತ್ತದೆ. ಒಳಗೆ ಯಾರೂ ಇಲ್ಲವೆಂದಾದರೆ ಬಾಗಿಲು ಮುಚ್ಚಿಯೇ ಇರಲಿ.
- ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡರೆ ಸಾಕೆಂದು ಒಳಗೆ ಹೋಗುವುದು. ಟವೆಲ್ ಮಸಿಯನ್ನು ಸ್ವಲ್ಪ ತಡೆದೀತು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ತಡೆಯುವುದಿಲ್ಲ. ಬೆಂಕಿಯಲ್ಲಿ ಸುಟ್ಟು ಸಾಯುವ ಮೊದಲೇ ಜನ ಹೊಗೆಯಿಂದ ಸಾಯುತ್ತಾರೆ.
- ಬೆಂಕಿ ಆರಿಸುವ ಸಿಲಿಂಡರನ್ನು ಜ್ವಾಲೆಯ ತುದಿಗೆ ಹಿಡಿಯುವುದು. ಪಿನ್ ಕಿತ್ತು, ಉರಿಯ ಬುಡಕ್ಕೆ ಗುರಿಯಿಟ್ಟು, ಹಿಡಿಕೆ ಒತ್ತಿ, ಅತ್ತಿತ್ತ ಆಡಿಸಬೇಕು. ಅದು ಅರ್ಧ ನಿಮಿಷವೂ ಬರುವುದಿಲ್ಲ. ಒತ್ತಡ ಮಾಪಕದ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಒಮ್ಮೆ ಒತ್ತಿದ ಮೇಲೆ ತುಂಬಿಸಲೇಬೇಕು.
- ವಾಹನ ಬಂದ ಮೇಲೂ ಊರವರೇ ಮುಂದೆ ನಿಲ್ಲುವುದು, ಪೈಪು ಕಿತ್ತುಕೊಳ್ಳುವುದು, ಮೊಬೈಲಿನಲ್ಲಿ ವಿಡಿಯೊ ಮಾಡುವುದು. ಅಧಿಕಾರಿ ಬಂದೊಡನೆ ಸ್ಥಳ ಅವರ ಸುಪರ್ದಿಗೆ ಸೇರಿತು. ಮುಖಂಡ ಒಬ್ಬನೇ ಹೋಗಿ ಜನ ಎಲ್ಲಿದ್ದಾರೆ, ಗ್ಯಾಸ್ ಸಿಲಿಂಡರ್ ಎಲ್ಲಿದೆ, ನೀರು ಎಲ್ಲಿದೆ ಎಂದು ಹೇಳಬೇಕು.

ಸ್ವಯಂಸೇವಕರ ರಕ್ಷಣೆ

ಪಾಲಿಯೆಸ್ಟರ್, ನೈಲಾನ್ ಬಟ್ಟೆ ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುತ್ತದೆ. ದಪ್ಪ ಹತ್ತಿಯ ಪ್ಯಾಂಟು, ತುಂಬು ತೋಳಿನ ಅಂಗಿ, ಬೂಟು ಇದ್ದವರು ಮಾತ್ರ ಬೆಂಕಿಯ ಹತ್ತಿರ ಹೋಗಲಿ. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಬಂದವರು ನೀರು ದಾಟಿಸಲಿ. ಒಬ್ಬೊಬ್ಬರೇ ಎಲ್ಲೂ ಹೋಗಬಾರದು, ಇಬ್ಬರು ಜೊತೆಗಿರಬೇಕು. ಬಟ್ಟೆಗೆ ಬೆಂಕಿ ಹತ್ತಿದರೆ ಓಡದೆ ನೆಲಕ್ಕೆ ಬಿದ್ದು ಉರುಳಬೇಕು. ಬೇರೆಯವರು ಕಂಬಳಿ ಸುತ್ತಬೇಕು.

ಸುಟ್ಟ ಗಾಯದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿ. ಟೂತ್‌ಪೇಸ್ಟ್, ತುಪ್ಪ, ಇಂಕು, ಐಸ್ ಯಾವುದೂ ಬೇಡ. ಅಂಟಿದ ಬಟ್ಟೆಯನ್ನು ಕೀಳದೆ, ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ 108 ಕರೆಸಿ. ತಂಡದ ಪ್ರತಿಯೊಬ್ಬರಿಗೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇರಲಿ. ವರ್ಷಕ್ಕೆ 20 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಸಂಭವಿಸಿದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ.

ಬೆಂಕಿ ಆರಿದ ಮೇಲೆ

ಬಣವೆ ಹೊರಗೆ ತಣ್ಣಗಾದರೂ ಒಳಗೆ ಕೆಂಡ ಉಳಿದಿರುತ್ತದೆ. ಆ ರಾತ್ರಿ ಇಬ್ಬರಿಬ್ಬರು ಸರದಿಯ ಮೇಲೆ ಕಾವಲಿರಲಿ. ಬೂದಿ ಗುಡಿಸಿ ಸ್ವಚ್ಛ ಮಾಡುವ ಮೊದಲು ಫೋಟೊ ತೆಗೆದಿಡಿ. ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ ಪಂಚನಾಮೆ ಮಾಡಿಸಿ; ದನ ಸತ್ತಿದ್ದರೆ ಹೂಳುವ ಮುನ್ನ ಪಶುವೈದ್ಯರನ್ನು ಕರೆಸಿ. ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ ಬೆಂಕಿ ಅನಾಹುತವೂ ಸೇರಿರುವುದರಿಂದ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ವಿಮೆ ಇದ್ದವರು ಅಗ್ನಿಶಾಮಕ ಠಾಣೆಯಿಂದ ವರದಿ ಪಡೆದುಕೊಳ್ಳಿ. ಈ ಕಾಗದಪತ್ರದ ಓಡಾಟಕ್ಕೆ ಸಂಕಟದಲ್ಲಿರುವ ಮನೆಯವರೇ ತಿರುಗಬೇಕಾಗಿಲ್ಲ. ತಂಡದ ಒಬ್ಬರು ವಹಿಸಿಕೊಂಡರೆ ದೊಡ್ಡ ಉಪಕಾರ.

ಮುಂದಿನ ಸುಗ್ಗಿಗೆ ಎರಡು ಬಣವೆಗಳ ನಡುವೆ ಟ್ಯಾಂಕರ್ ನುಗ್ಗುವಷ್ಟು ಜಾಗ ಬಿಡಿ, ವಿದ್ಯುತ್ ತಂತಿಯ ಕೆಳಗೆ ಒಟ್ಟಬೇಡಿ, ಟಾರು ರಸ್ತೆಯ ಮೇಲೆ ಹುರುಳಿ ಹರಡಬೇಡಿ. ಅದರ ಬಳ್ಳಿ ಕಾರಿನಡಿ ಸುತ್ತಿಕೊಂಡು ಬಿಸಿಗೆ ಹೊತ್ತಿಕೊಳ್ಳುತ್ತದೆ.

ಇಷ್ಟಕ್ಕೂ ದೊಡ್ಡ ಹಣವೇನೂ ಬೇಡ. ಬರುವ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ, ಹದಿನೈದು ಹೆಸರು ಬರೆಸಿ, ಠಾಣೆಯ ಸಂಖ್ಯೆಯನ್ನು ಡೇರಿ ಗೋಡೆಗೆ ಬರೆಸಿ. ಉಳಿದ ಆರು ಹೆಜ್ಜೆಗಳನ್ನು ಆ ಹದಿನೈದು ಮಂದಿಯೇ ಮುಗಿಸುತ್ತಾರೆ.